ಹತ್ತೊಂಬತ್ತು ಸಲ ನಿಂತ ಕಂಪ್ಯೂಟರ್

ಅಕ್ಕ ಸೋಮವಾರ ಹತ್ತು ಗಂಟೆಗೆ ಕೆಲಸಕ್ಕೆ ಕೂರಬೇಕಿತ್ತು. ಮೈಸೂರಿನ ಒಬ್ಬ ಪ್ರಕಾಶಕರಿಗೆ ಮನೆಯಿಂದಲೇ ಕರಡು ತಿದ್ದುವ ಕೆಲಸ. ಎರಡು ಮಕ್ಕಳಾದ ಮೇಲೆ ಆರು ವರ್ಷ ಅವಳು ಯಾವ ಕೆಲಸಕ್ಕೂ ಹೋಗಿರಲಿಲ್ಲ. ಟಿ. ನರಸೀಪುರದ ಆ ಮನೆಯಲ್ಲಿ ಅವಳ ಅತ್ತೆಗೆ ಇದು ಬೇಡವಾಗಿತ್ತು. ಮಾವ ಒಬ್ಬರೇ, "ಓದಿರೋಳು, ಮಾಡ್ಲಿ ಬುಡು" ಎಂದಿದ್ದರು. ಅಂಗಡಿಯ ಸಿದ್ಧ ಕಂಪ್ಯೂಟರ್ ಬೇಡ, ಬಿಡಿಭಾಗ ತಂದು ಜೋಡಿಸಿಕೊಡುತ್ತೇನೆ ಎಂದವನು ನಾನು.

ಶುಕ್ರವಾರ ನಂಜನಗೂಡಿನಿಂದ ಬೆಳಗಿನ ಬಸ್ಸಿಗೆ ಹೋಗಿ ಎಲ್ಲವನ್ನೂ ಮಣೆಯ ಮೇಲೆ ಹರಡಿದೆ. ಮಾವ ಆಗತಾನೇ ಶಿವಪೂಜೆ ಮುಗಿಸಿ ಎದ್ದಿದ್ದರು. ನಾನು ಸ್ಕ್ರೂ ಎಣಿಸುತ್ತಿದ್ದಾಗ ಅವರು ಒದ್ದೆ ವಿಭೂತಿಯ ಮೂರು ಬೆರಳನ್ನು ಪ್ರತಿಯೊಂದರ ಮೇಲೂ ಎಳೆದುಬಿಟ್ಟರು. ಪೆಟ್ಟಿಗೆ, ಫ್ಯಾನು, ಕೊನೆಗೆ ಎರಡು ಮೆಮೊರಿ ಪಟ್ಟಿಗಳನ್ನೂ ಬಿಡಲಿಲ್ಲ. ಅವರು ಅತ್ತ ತಿರುಗಿದೊಡನೆ ಪಟ್ಟಿಗಳನ್ನು ಕರ್ಚೀಫಿನಿಂದ ಒರೆಸಿ ಸಿಕ್ಕಿಸಿದೆ.

ಜೋಡಿಸಿ ವಿಂಡೋಸ್ ಹಾಕಲು ಹೊರಟರೆ, ಮೊದಲ ಸಲ ಇಪ್ಪತ್ತೆಂಟು ಪರ್ಸೆಂಟಿಗೆ ದೋಷದ ನೀಲಿ ಪರದೆ ಬಂದು ನಿಂತಿತು. ಎರಡನೆಯ ಸಲ ಅರವತ್ತೊಂದಕ್ಕೆ. ಮೂರನೆಯ ಸಲ ಶುರುವಾಗುವ ಮೊದಲೇ ಆರಿ ಮತ್ತೆ ಹೊತ್ತಿಕೊಂಡಿತು. ಪ್ರತಿ ಸಲವೂ ಒಂದೇ ವಸ್ತು ಬದಲಿಸಿ, ಗಂಟೆ, ಪರ್ಸೆಂಟು, ಪರದೆಯ ಮೇಲಿನ ಸಂಖ್ಯೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಪೆನ್‌ಡ್ರೈವ್ ಬದಲಿಸಿದೆ. ಡಿಸ್ಕ್ ಬದಲಿಸಿದೆ. ಮೆಮೊರಿ ಪಟ್ಟಿಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಒಂದರಲ್ಲೂ ನಿಂತಿತು, ಇನ್ನೊಂದರಲ್ಲೂ ನಿಂತಿತು. ಎರಡೂ ಒಟ್ಟಿಗೆ ಕೆಡುವುದುಂಟೆ? ಹಾಗಾದರೆ ಮದರ್‌ಬೋರ್ಡೇ ಕೆಟ್ಟಿದೆ. ಭಾನುವಾರ ಸಂಜೆಗೆ ಹತ್ತೊಂಬತ್ತು ಸಲ ಆಗಿತ್ತು. ಬೆನ್ನು ನೆಟ್ಟಗೆ ನಿಲ್ಲುತ್ತಿರಲಿಲ್ಲ.

"ನಿನ್ ತಮ್ಮ ಬಂದಾಗಿಂದ ಆ ಡಬ್ಬಕ್ಕೇ ಸೇವೆ ಮಾಡ್ತಾವ್ನೆ," ಎಂದರು ಅತ್ತೆ, ಅಕ್ಕನಿಗೆ. "ದ್ಯಾವ್ರಿಗೇ ಬ್ಯಾಡ್ವಂತೆ, ತಿಳ್ಕೊ."

ಸೋಮವಾರ ಏಳಕ್ಕೆ ಬೋರ್ಡನ್ನು ಮೈಸೂರಿನ ಅಂಗಡಿಗೆ ವಾಪಸು ಕಳಿಸಲೆಂದು ಬಿಚ್ಚತೊಡಗಿದೆ. ಬದಲಿ ಬರಲು ಎಂಟು ದಿನ. ಅಕ್ಕ ಫೋನ್ ಹಿಡಿದು ಪಕ್ಕದಲ್ಲಿ ಕೂತಿದ್ದಳು.

"ಎಂಟ್ ದಿನ ಯಾರು ಕಾಯ್ತಾರೋ? ಬೇರೆಯವ್ರನ್ನ ನೋಡ್ಕೊತಾರೆ ಅಷ್ಟೆ."

ಮೆಮೊರಿ ಪಟ್ಟಿಯನ್ನು ಎಳೆದು ಕೆಳಂಚು ಹಿಡಿದೆ. ಬೆರಳಿಗೆ ಬಿಳಿ ಹತ್ತಿತು. ಕಿಟಕಿಯ ಬಿಸಿಲಿಗೆ ಹಿಡಿದೆ. ಬೋರ್ಡಿನೊಳಗೆ ಕೂರುವ ಚಿನ್ನದ ಬಣ್ಣದ ಹಲ್ಲುಗಳ ಮೇಲೆ, ಉದ್ದಕ್ಕೂ, ತೆಳ್ಳನೆಯ ಬೂದಿಯ ಪೊರೆ. ಮಾವ ಎಳೆದದ್ದು ಮೇಲ್ಗಡೆ. ಒರೆಸುವ ಭರದಲ್ಲಿ ಅದನ್ನು ಹಲ್ಲಿಗೆ ಇಳಿಸಿದ್ದವನು ನಾನು, ಎರಡಕ್ಕೂ.

ಅಕ್ಕನ ಮಗಳ ರಬ್ಬರಿನಿಂದ ಹಲ್ಲುಗಳನ್ನು ತಿಕ್ಕಿ, ಮತ್ತೆ ಜೋಡಿಸಿ, ಗುಂಡಿ ಒತ್ತಿದೆ. ಅರವತ್ತೊಂದು ದಾಟಿತು. ತೊಂಬತ್ತು. ನೂರು. ಒಂಬತ್ತೂವರೆಗೆ ಕನ್ನಡ ಕೀಲಿಮಣೆಯೂ ಸಿದ್ಧವಾಯಿತು. ನನಗೆ ಸಂತೋಷಪಡುವಷ್ಟೂ ಶಕ್ತಿ ಉಳಿದಿರಲಿಲ್ಲ.

ಮಾವ ಬಾಗಿಲಲ್ಲಿ ನಿಂತರು. "ಏನಾಗಿತ್ಲಾ ಅದ್ಕೆ?"

ಅಕ್ಕ ನನ್ನ ಮುಖ ನೋಡಿದಳು. ಆ ಮನೆಯಲ್ಲಿ ಅವಳ ಪರ ಇದ್ದವರು ಅವರೊಬ್ಬರೇ. ಧೂಳು ಎಂದುಬಿಡಬಹುದಿತ್ತು. ಸುಳ್ಳು ಜೋಡಿಸುವುದಕ್ಕೂ ದಣಿವಾಗಿತ್ತು.

"ನಂದೇ ತಪ್ಪು ಮಾವ. ನೀವಿಟ್ಟ ವಿಭೂತಿ ಒರೆಸೋಕೆ ಹೋಗಿ ಒಳಕ್ಕೆ ಮೆತ್ತಿಬಿಟ್ಟಿದ್ದೆ."

"ಒರಸ್ಬುಟ್ಟಾ?"

"ಹೂಂ."

ಅವರು ಒಳಬಂದು ಪೆಟ್ಟಿಗೆಯತ್ತ ಬಗ್ಗಿದರು. "ಯೋಳಿದ್ರೆ ಪೆಟ್ಗೆಗ್ ಮಾತ್ರ ಇಕ್ತಿದ್ದೆ ಕಣ್ಲಾ. ಮೂರ್ ದಿನ್ದಿಂದ ಬರ್ದಿದ್ದೇ ಬರ್ದಿದ್ದು. ಇದೊಂದ್ನ ಬರ್ಕೊಂಡಿರ್ನಿಲ್ವಾ?"

"ಇಲ್ಲ ಮಾವ."

"ಬುದ್ವಂತ."

ಹತ್ತಕ್ಕೆ ಅಕ್ಕ ಕೂತಳು. ಐದು ನಿಮಿಷವಾಗಿರಲಿಲ್ಲ, ಒಳಗಿನಿಂದ ಅತ್ತೆ ಅವಳನ್ನು ಕಾಫಿ ಮಾಡಲು ಕೂಗಿದರು. ಮಾವ ಜಗುಲಿಯಿಂದಲೇ ಉತ್ತರಿಸಿದರು: "ಅವ್ಳು ಕೆಲ್ಸದಲ್ಲವ್ಳೆ, ನೀನೇ ಕಾಸು."

"ಬೇಕಾದೋರು ಕಾಸ್ಕೊಳ್ಳಿ!"

ಮಾವ ಎದ್ದು ಹೋದರು. ಸಕ್ಕರೆ ಡಬ್ಬ ಎಲ್ಲಿದೆ ಎಂದು ಅವರು ಎರಡು ಸಲ ಕೇಳಿದ್ದು ಕೇಳಿಸಿತು. ಅಕ್ಕ ಏಳಲು ಹೋಗಿ, ಮತ್ತೆ ಕೂತು, ಮೊದಲ ಪುಟ ತೆರೆದಳು. ನನಗೂ ಒಂದು ಲೋಟ ಬಂತು, ಸಕ್ಕರೆಯಿಲ್ಲದ್ದು. ಕುಡಿದು ಬಸ್‌ಸ್ಟ್ಯಾಂಡಿಗೆ ನಡೆದೆ.