ಸಹಿ ಹಾಕದ ಮೇಷ್ಟ್ರು

ಇದು ೧೯೬೪ರ ಮಾತು. ನಾನು ಆಗ ಮ್ಯೂನಿಕ್‌ನ ಒಂದು ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಸಹಾಯಕಿಯಾಗಿದ್ದೆ. ಮೈಸೂರಿನಲ್ಲಿ ಎಂ.ಎಸ್‌ಸಿ. ಮುಗಿಸಿ ಡಾಕ್ಟರೇಟ್ ಮಾಡಲು ಬಂದವಳು ಅಲ್ಲೇ ಕೆಲಸಕ್ಕೆ ನಿಂತಿದ್ದೆ. ಪಾಠ ಹೇಳುವುದರ ಜೊತೆಗೆ ಇನ್ನೊಂದು ಕೆಲಸವೂ ನನಗೆ ಅಂಟಿಕೊಂಡಿತ್ತು. ಬೇರೆ ಕಡೆ ಓದಿ ಬಂದವರು ಅಲ್ಲಿ ಪಾಸು ಮಾಡಿದ ವಿಷಯಗಳನ್ನು ನಮ್ಮಲ್ಲಿ ಲೆಕ್ಕಕ್ಕೆ ಹಿಡಿಯಬಹುದೇ ಎಂದು ನೋಡಿ ಪ್ರೊಫೆಸರಿಗೆ ಹೇಳಬೇಕಿತ್ತು. ನನ್ನ ಮೈಸೂರಿನ ಡಿಗ್ರಿಯನ್ನು ಒಪ್ಪಿಕೊಳ್ಳಲು ಅಲ್ಲಿಯ ಕಚೇರಿಯವರು ತಿಂಗಳುಗಟ್ಟಲೆ ಸತಾಯಿಸಿದ್ದರು. ಅದಕ್ಕೇ ಏನೋ, ಈ ಕೆಲಸ ನನಗೆ ಬೇಸರ ತರಿಸಲಿಲ್ಲ.

ಆ ಬೇಸಿಗೆಯಲ್ಲಿ ಕ್ರಿಸ್ಟಾ ಎಂಬ ಹುಡುಗಿ ಬಂದಳು. ಪೂರ್ವ ಜರ್ಮನಿಯ ಡ್ರೆಸ್ಡೆನ್‌ನವಳು. ಅಲ್ಲಿ ಹೈಸ್ಕೂಲಿನಲ್ಲಿದ್ದಾಗಲೇ, ಲೆಕ್ಕದಲ್ಲಿ ಚುರುಕಾದ ಮಕ್ಕಳನ್ನು ಆರಿಸಿ ಕಾಲೇಜಿನ ಸಂಜೆ ತರಗತಿಗೆ ಕೂರಿಸುತ್ತಿದ್ದರಂತೆ. ಇವಳು ಮೊದಲ ವರ್ಷದ ಗಣಿತವನ್ನೂ ಮೆಕಾನಿಕ್ಸನ್ನೂ ಅಲ್ಲೇ ಓದಿ, ದೊಡ್ಡವರ ಜೊತೆ ಪರೀಕ್ಷೆ ಬರೆದು ಪಾಸಾಗಿದ್ದಳು. ಅದನ್ನು ಒಪ್ಪಿಕೊಂಡರೆ ನಮ್ಮಲ್ಲಿ ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದಿತ್ತು.

"ನಿನ್ನ ಶೈನ್ ಎಲ್ಲಿ?" ಎಂದು ಕೇಳಿದೆ. ಒಂದು ವಿಷಯ ಪಾಸಾದರೆ ಕೊಡುವ ಪತ್ರಕ್ಕೆ ಅಲ್ಲಿ ಶೈನ್ ಎನ್ನುತ್ತಾರೆ.

"ತರಲಿಲ್ಲ, ಫ್ರಾಯ್ಲೈನ್ ಡಾಕ್ಟರ್. ಬರ್ಲಿನ್‌ನಲ್ಲಿರುವ ನೆಂಟರ ಮನೆಗೆ ಊಟಕ್ಕೆ ಹೋಗುವವರ ಹಾಗೆ ನಾನೂ ಅಪ್ಪನೂ ಹೊರಟೆವು. ಚೀಲದಲ್ಲಿ ಅಂಥದ್ದೇನಾದರೂ ಸಿಕ್ಕಿದ್ದರೆ ಓಡಿಹೋಗುತ್ತಿದ್ದೇವೆ ಎಂದು ರೈಲಿನಿಂದಲೇ ಇಳಿಸಿಬಿಡುತ್ತಿದ್ದರು."

"ಆಮೇಲೆ ತರಿಸಿಕೊಳ್ಳಬಹುದಿತ್ತಲ್ಲ?"

"ಆಮೇಲೆ ಬರ್ಲಿನ್‌ನಲ್ಲಿ ಗೋಡೆ ಎದ್ದಿತು."

ಇಲ್ಲಿಗೆ ಬಂದ ಮೇಲೆ ಅವಳನ್ನು ಮತ್ತೆ ಶಾಲೆಯಲ್ಲಿ ಕೆಳಗಿನ ತರಗತಿಗೆ ಹಾಕಿದ್ದರು. ಅದನ್ನು ಮುಗಿಸುವಷ್ಟರಲ್ಲಿ ತಂದೆಗೆ ಶ್ವಾಸಕೋಶದ ಕಾಯಿಲೆ ಹಿಡಿದಿತ್ತು. "ನಾನು ಇಂಜಿನಿಯರ್ ಆಗುವುದನ್ನು ನೋಡಬೇಕು ಅಂತಾರೆ ಅಪ್ಪ. ಒಂದು ವರ್ಷ ಅಂದರೆ ನಮಗೆ ಸಣ್ಣದಲ್ಲ" ಎಂದಳು. ಅಳಲಿಲ್ಲ. ಅಳದೆ ಹೇಳಿದ್ದರಿಂದಲೇ ನನಗೆ ಕಷ್ಟವಾಯಿತು.

ಪ್ರೊಫೆಸರ್ ಆಗುವುದಿಲ್ಲ ಎಂದುಬಿಟ್ಟರು. "ಯಾರ ಸಹಿಯೂ ಇಲ್ಲದೆ ನಾನೇನು ಮಾಡಲಿ? ನಾಳೆ ಯಾರು ಬೇಕಾದರೂ ಬಂದು ಓದಿದ್ದೇನೆ ಅಂತಾರೆ." ಅವರ ಮಾತೂ ತಪ್ಪಲ್ಲ.

ಅದೇ ಸೆಪ್ಟೆಂಬರಿನಲ್ಲಿ ಡ್ರೆಸ್ಡೆನ್‌ನಲ್ಲಿ ಗಣಿತದ ಒಂದು ಸಮ್ಮೇಳನವಿತ್ತು. ಪಶ್ಚಿಮದ ಜರ್ಮನರಿಗೆ ಅಲ್ಲಿಗೆ ಹೋಗುವುದು ದುಸ್ತರ. ನನ್ನದು ಭಾರತದ ಪಾಸ್‌ಪೋರ್ಟ್, ವೀಸಾ ಸಿಕ್ಕಿತು. ಕ್ರಿಸ್ಟಾಳಿಗೆ ಹೇಳಿದೆ. ಅವಳು ತನ್ನ ಮೇಷ್ಟ್ರ ಹೆಸರು ಹೇಳಿದಳು, ಡಾಕ್ಟರ್ ವಿಂಕ್ಲರ್ ಎಂದು. ಬಾಗಿಲವರೆಗೆ ಹೋಗಿ ತಿರುಗಿ ಬಂದು, "ಅವರಿಗೆ ತೊಂದರೆ ಆಗುವ ಹಾಗಿದ್ದರೆ ದಯವಿಟ್ಟು ಕೇಳಬೇಡಿ" ಎಂದಳು.

ಡ್ರೆಸ್ಡೆನ್‌ನಲ್ಲಿ ನನಗೆ ಬಸವರಾಜ ಸಿಕ್ಕ. ಧಾರವಾಡದ ಹುಡುಗ, ಅಲ್ಲಿಯ ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಇಂಜಿನಿಯರಿಂಗ್ ಓದುತ್ತಿದ್ದ. ಸಮ್ಮೇಳನದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಮೈಸೂರು ಎಂದಿದ್ದದ್ದನ್ನು ನೋಡಿ ಹುಡುಕಿಕೊಂಡು ಬಂದಿದ್ದ. ವಿಂಕ್ಲರ್ ಅವನಿಗೂ ಮೇಷ್ಟ್ರು. ವಿಷಯ ಹೇಳಿ, ಅವರ ಮನೆ ತೋರಿಸು ಎಂದಾಗ ಅವನ ಮುಖ ಗಂಭೀರವಾಯಿತು.

"ಅಕ್ಕಾರ, ಈ ಸೀರಿ ಉಟ್ಕೊಂಡು ನೀವು ಅವರ ಮನೀಗೆ ಹೋದ್ರ ಓಣಿ ಮಂದಿಯೆಲ್ಲಾ ಕಿಡಕ್ಯಾಗ ನಿಂತು ನೋಡ್ತಾರ. ನೀವು ನಾಡಿದ್ದ ರೈಲ್ ಹತ್ತಿ ಹೋಗ್ತೀರಿ. ಅವರು ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಇಲ್ಲೇ ಇರಬೇಕಲ್ರೀ."

"ಹಾಗಾದ್ರೆ ಬಿಟ್ಬಿಡೋಣ್ವಾ?" ಎಂದೆ.

"ನಾ ಒಂದ್ ಮಾತ್ ಕೇಳಿ ನೋಡ್ತೀನಿ. ನಾಳೆ ಮಧ್ಯಾಹ್ನ ನೀವು ಚಿತ್ರಶಾಲೆಗೆ ಹೋಗ್ರಿ. ಅಲ್ಲಿ ಪರದೇಶದವರು ಇರತಾರ, ಯಾರೂ ನೋಡಂಗಿಲ್ಲ. ಬಂದ್ರ ಬರ್ತಾರ, ಇಲ್ಲಂದ್ರ ಇಲ್ಲ."

ಮರುದಿನ ನಾನು ಚಿತ್ರಗಳ ಮುಂದೆ ನಿಂತಿದ್ದೆ. ಒಂದನ್ನೂ ಸರಿಯಾಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ, ತೋಳು ಸವೆದ ಕೋಟು ತೊಟ್ಟ ತೆಳ್ಳನೆಯ ಒಬ್ಬರು ಪಕ್ಕದಲ್ಲಿ ಬಂದು ನಿಂತರು. ಚಿತ್ರವನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು: "ಅವಳು ಚೆನ್ನಾಗಿದ್ದಾಳೆಯೇ?"

"ಚೆನ್ನಾಗಿದ್ದಾಳೆ. ಮುಂದೆ ಓದಬೇಕು ಅಂತಿದ್ದಾಳೆ."

"ನನ್ನ ಸಹಿ ಮಾತ್ರ ಕೇಳಬೇಡಿ. ದೇಶ ಬಿಟ್ಟು ಓಡಿದವಳಿಗೆ ನಾನು ಪತ್ರ ಬರೆದುಕೊಟ್ಟೆ ಎಂದು ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ. ನನ್ನ ಮಕ್ಕಳಿಗೆ ಕಾಲೇಜು ಇರುವುದಿಲ್ಲ."

ಆಗಲಿ, ನಾನು ಕೇಳುವುದಿಲ್ಲ ಎಂದೆ. ಅವರು ಹೊರಟುಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. "ನೀವು ಗಣಿತದವರು. ನಾನು ಹೇಳಿದರೆ ನೆನಪಿನಲ್ಲಿ ಇಟ್ಟುಕೊಳ್ಳುತ್ತೀರಾ?" ಎಂದರು.

ಆಮೇಲೆ ನಾವಿಬ್ಬರೂ ಒಂದು ಚಿತ್ರದಿಂದ ಇನ್ನೊಂದಕ್ಕೆ ಸರಿಯುತ್ತಾ ಹೋದೆವು. ನೋಡಿದವರಿಗೆ ಯಾರೋ ಊರಿನವರು ಪರದೇಶದ ಹೆಂಗಸಿಗೆ ಚಿತ್ರ ವಿವರಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಅವರು ಹೇಳುತ್ತಿದ್ದುದು ತಾವು ಕಲಿಸಿದ ಪಾಠಗಳನ್ನು. ಯಾವ ಅಧ್ಯಾಯ ಎಲ್ಲಿಯವರೆಗೆ ಮಾಡಿದೆ, ಪರೀಕ್ಷೆಯಲ್ಲಿ ಏನೇನು ಕೇಳಿದ್ದೆ, ಕ್ರಿಸ್ಟಾ ಎಲ್ಲಿ ಎಡವುತ್ತಿದ್ದಳು, ಎಲ್ಲಿ ತಮ್ಮನ್ನೇ ಬೆರಗುಗೊಳಿಸಿದ್ದಳು, ಎಲ್ಲವನ್ನೂ. ಮೂರು ವರ್ಷದ ಹಿಂದಿನ ವಿದ್ಯಾರ್ಥಿನಿ! ಪಹರೆಯವನು ನಮ್ಮ ಕಡೆ ಬಂದಾಗಲೆಲ್ಲ ಅವರು ಬೆರಳೆತ್ತಿ ಚಿತ್ರದ ಆಕಾಶವನ್ನೋ ಕುದುರೆಯನ್ನೋ ತೋರಿಸುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಕೊನೆಗೆ ಒಂದು ಲೆಕ್ಕ ಹೇಳಿದರು. ಎರಡು ಕಂಬಗಳ ನಡುವೆ ಸರಪಳಿ ಜೋತುಬಿದ್ದಿದೆ, ನಡುವಿನಲ್ಲಲ್ಲದೆ ಒಂದು ಪಕ್ಕದಲ್ಲಿ ಭಾರ ತೂಗಿದರೆ ಅದರ ಆಕಾರ ಏನಾಗುತ್ತದೆ ಎಂದು. "ಇಡೀ ತರಗತಿಯಲ್ಲಿ ಇದನ್ನು ಬಿಡಿಸಿದವಳು ಅವಳೊಬ್ಬಳೇ. ನಿಮ್ಮ ಪ್ರೊಫೆಸರಿಗೆ ಇದನ್ನೇ ಕೇಳಲು ಹೇಳಿ." ಅಷ್ಟು ಹೇಳಿ, ನನ್ನ ಕೈಯನ್ನೂ ಕುಲುಕದೆ ಹೊರಟುಹೋದರು.

ಗಡಿಯಲ್ಲಿ ರೈಲಿಗೆ ಹತ್ತಿದ ಅಧಿಕಾರಿ ನನ್ನ ಸಮ್ಮೇಳನದ ಹಾಳೆಗಳನ್ನೆಲ್ಲ ಒಂದೊಂದಾಗಿ ತಿರುವಿದ. "ಯಾರನ್ನು ಭೇಟಿಯಾದಿರಿ?" ಎಂದು ಗದರಿದ. "ನಮ್ಮೂರ ಕಡೆಯ ಹುಡುಗನನ್ನು. ಚಿತ್ರಶಾಲೆಯನ್ನೂ ನೋಡಿದೆ" ಎಂದೆ. ಕೈಗಳನ್ನು ಸೀರೆಯ ಸೆರಗಿನೊಳಗೆ ಮುಚ್ಚಿಕೊಂಡೆ. ಅವನು ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ ಇಳಿದುಹೋದ.

ಪ್ರೊಫೆಸರ್ ನಾನು ಹೇಳಿದ್ದನ್ನೆಲ್ಲ ಕೊನೆಯವರೆಗೆ ಕೇಳಿದರು. ಎದ್ದು ಕಿಟಕಿಯ ಹತ್ತಿರ ಹೋದರು, ಬಂದು ಕುಳಿತರು. "ಪತ್ರವಿಲ್ಲದೆ ಒಪ್ಪಿಕೊಳ್ಳಲು ನನಗೆ ಅಧಿಕಾರವಿಲ್ಲ. ಪರೀಕ್ಷೆ ಮಾಡುವ ಅಧಿಕಾರ ಇದೆ. ಹುಡುಗಿಯನ್ನು ಕರೆಯಿರಿ" ಎಂದರು.

ಆ ದಿನ ಬೋರ್ಡಿನ ಮುಂದೆ ಕ್ರಿಸ್ಟಾಳನ್ನು ನಿಲ್ಲಿಸಿಕೊಂಡು ಅವರು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಅವಳು ತಡವರಿಸಿದಳು, ತಿದ್ದಿಕೊಂಡಳು. ಕೊನೆಗೆ ಪ್ರೊಫೆಸರ್ ಸರಪಳಿಯ ಲೆಕ್ಕ ಓದಿದರು. ಅವಳ ಕೈಯಲ್ಲಿದ್ದ ಸೀಮೆಸುಣ್ಣ ನಿಂತುಬಿಟ್ಟಿತು. ಮರೆತಿದ್ದಾಳೆ ಅಂದುಕೊಂಡೆ. ಅವಳು ತಿರುಗಿ ನನ್ನನ್ನು ನೋಡಿದಳು. ಕಣ್ಣು ತುಂಬಿತ್ತು. "ಇದು ಅವರ ಲೆಕ್ಕ" ಎಂದಳು. ಕಣ್ಣೊರೆಸಿಕೊಂಡು ಬರೆಯತೊಡಗಿದಳು. ಬೋರ್ಡು ತುಂಬುವಷ್ಟರಲ್ಲಿ ಉತ್ತರ ಬಂದಿತ್ತು.

ಪ್ರೊಫೆಸರ್ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳಲು ಒಪ್ಪಿ ಸಹಿ ಹಾಕಿದರು. ನನ್ನ ಕಡೆ ನೋಡಿ, "ಆ ಮನುಷ್ಯ ಚೆನ್ನಾಗಿ ಕಲಿಸಿದ್ದಾನೆ" ಎಂದಷ್ಟೇ ಹೇಳಿದರು.

ಈ ಸುದ್ದಿಯನ್ನು ವಿಂಕ್ಲರ್ ಅವರಿಗೆ ಮುಟ್ಟಿಸುವುದು ಹೇಗೆ? ಕಾಗದಗಳನ್ನು ಒಡೆದು ಓದುತ್ತಿದ್ದ ಕಾಲ. ಬಸವರಾಜನಿಗೆ ಕನ್ನಡದಲ್ಲಿ ಬರೆದೆ, ಅದೂ ಯಾರ ಹೆಸರೂ ಇಲ್ಲದೆ. ತಿಂಗಳ ಮೇಲೆ ಅವನ ಉತ್ತರ ಬಂತು: "ಅಕ್ಕಾರ, ಹೇಳಿದೆ. ಬೋರ್ಡ್ ಒರಸೋ ಅರಿವಿ ಕೈಯಾಗ ಹಿಡಕೊಂಡು ಗ್ವಾಡಿ ಕಡೆ ಮುಖ ಮಾಡಿ ಭಾಳ ಹೊತ್ತು ನಿಂತ್ರು."

ಕ್ರಿಸ್ಟಾ ಇಂಜಿನಿಯರ್ ಆದಳು. ಅವಳ ತಂದೆ ಅದನ್ನು ನೋಡಿ, ಆ ಚಳಿಗಾಲದಲ್ಲೇ ತೀರಿಕೊಂಡರು. ಎಪ್ಪತ್ತರ ದಶಕದಲ್ಲಿ, ಓಡಿಬಂದವರೂ ಆ ಕಡೆ ಹೋಗಿಬರಬಹುದು ಎಂದಾದಾಗ ಅವಳು ಡ್ರೆಸ್ಡೆನ್‌ಗೆ ಹೋದಳು. ಮೇಷ್ಟ್ರು ಹಿಂದಿನ ವರ್ಷವೇ ತೀರಿಹೋಗಿದ್ದರು. ಅವರ ಹೆಂಡತಿ ಬಾಗಿಲು ತೆಗೆದು, ಇವಳ ಹೆಸರು ಕೇಳಿದ ಕೂಡಲೇ ಕೈ ಹಿಡಿದುಕೊಂಡು ಹೇಳಿದರಂತೆ: "ನಿಮಗೆ ಒಂದು ಸಹಿ ಹಾಕಿಕೊಡಲಿಲ್ಲ ಎಂದು ಕೊನೆಯವರೆಗೂ ಕೊರಗಿದರು."

ಅವಳು ಬಂದು ಇದನ್ನು ನನಗೆ ಹೇಳಿದಳು. ಮುಂದೆಯೂ ಎಷ್ಟೋ ವರ್ಷ ಅದೇ ಕೆಲಸ ಮಾಡಿದೆ. ಎಲ್ಲೆಲ್ಲಿಂದಲೋ ಬಂದ ಮಕ್ಕಳು ಬರಿಗೈಯಲ್ಲಿ ನನ್ನ ಮುಂದೆ ನಿಂತಾಗ, ಪತ್ರ ಎಲ್ಲಿ ಎಂದು ಕೇಳುವ ಮೊದಲು ಕುರ್ಚಿ ತೋರಿಸಿ, ನಿನಗೆ ಯಾರು ಕಲಿಸಿದರು ಎಂದು ಕೇಳುತ್ತಿದ್ದೆ. ಹೆದರಿಕೆ ಇದ್ದೂ ಬಂದು ನನ್ನ ಪಕ್ಕದಲ್ಲಿ ನಿಂತ ಆ ಮನುಷ್ಯನಿಗೆ, ನೀವು ಕೊರಗಬೇಕಾದದ್ದು ಏನೂ ಇಲ್ಲ ಎಂದು ಒಂದು ಮಾತು ಹೇಳಬೇಕಿತ್ತು. ಅದು ನನ್ನಿಂದ ಆಗಲೇ ಇಲ್ಲ.