ಮೊದಲ ಕಾಮಗಾರಿಯ ಗೋಡೆ

ಕಾಂಕ್ರೀಟ್ ಪರೀಕ್ಷಿಸುವುದನ್ನು ನನಗೆ ಕಲಿಸಿದವರು ಚಳ್ಳಕೆರೆಯ ನಮ್ಮ ಕಚೇರಿಯ ಹಿರಿಯ ಎಂಜಿನಿಯರ್. ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು, ತಾವು ಕಣ್ಣು ಮುಚ್ಚಿ, "ಬಡಿಯವ್ವ, ಕೇಳ್ತೀನಿ" ಎನ್ನುತ್ತಿದ್ದರು. ಪ್ರತಿ ಗೋಡೆಗೂ ಅದೇ ಮಾತು.

ಕಾಯಂ ಕೆಲಸ ಬಿಟ್ಟು ಅವರು ಗುತ್ತಿಗೆದಾರರಾದಾಗ, "ಇನ್ಮೇಲೆ ಬಿಲ್ಲಿಗಾಗಿ ನಮ್ ಟೇಬಲ್ ಮುಂದೆ ನಿಂತ್ಕೋಬೇಕಲ್ರೀ" ಎಂದು ಸಹೋದ್ಯೋಗಿಯೊಬ್ಬರು ಛೇಡಿಸಿದರು.

"ನಿಂತ್ಕೋತೀನಿ ಬಿಡ್ರಿ, ಕೂತು ಕೂತು ಸಾಕಾಗೈತೆ" ಎಂದರು.

ಬಿ.ಜಿ. ಕೆರೆಯ ಬಳಿ ಒಂದು ಕಿರುಸೇತುವೆಯ ಗೋಡೆ ಅವರ ಮೊದಲ ಕಾಮಗಾರಿ. ತಪಾಸಣೆಗೆ ಹೋದವಳು ನಾನು. ಬುಡದಲ್ಲಿ ಬಡಿದಾಗ ಟೊಳ್ಳು ಸದ್ದು ಬಂತು; ಒಳಗೆ ಕಾಂಕ್ರೀಟ್ ಸರಿಯಾಗಿ ತುಂಬಿರಲಿಲ್ಲ, ಅಷ್ಟು ಭಾಗ ಒಡೆದು ಮತ್ತೆ ಕಟ್ಟಬೇಕು. ಅವರಿಗೂ ಕೇಳಿಸಿತು. ಮೊದಲ ಕೆಲಸವನ್ನೇ ಕಚೇರಿಯವರು ಒಡೆಸಿದರು ಎಂದು ಸುದ್ದಿಯಾದರೆ ಮುಂದೆ ಅವರನ್ನು ಯಾರೂ ನಂಬುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮೇಸ್ತ್ರಿ ಮೆಲ್ಲಗೆ, "ಸಿಮೆಂಟ್ ಹಾಲು ಬಳಿದ್ರೆ ಮುಚ್ಚೋಗ್ತೈತೆ ಮೇಡಂ" ಎಂದ.

"ಸುಮ್ನಿರಲೇ!" ಎಂದು ಅವರು ಗದರಿದರು. ಅವರ ಹಣೆಯಲ್ಲಿ ಬೆವರಿತ್ತು. ಆಮೇಲೆ ನನ್ನ ಕೈಗೆ ಸೀಮೆಸುಣ್ಣ ಕೊಟ್ಟು, "ಎಲ್ಲಿಗಂಟ ಒಡೀಬೇಕು, ಗೆರೆ ಹಾಕ್ರಿ" ಎಂದರು.

ಹಾಕಿದೆ. ಟೊಳ್ಳು ಕೇಳಿಸಿದ ಎತ್ತರಕ್ಕಿಂತ ಕೆಳಗೇ ಹಾಕಿದೆ.

ಅವರು ಸೀಮೆಸುಣ್ಣವನ್ನು ವಾಪಸು ತೆಗೆದುಕೊಂಡು, ನನ್ನ ಗೆರೆಗಿಂತ ಒಂದು ಗೇಣು ಮೇಲೆ ಇನ್ನೊಂದು ಗೆರೆ ಎಳೆದು, ಮೇಸ್ತ್ರಿಗೆ ಅದನ್ನು ತೋರಿಸಿದರು.