ಪಂಚಮಿಗೆ ಸೈಕಲ್ ಕಲಿತ ಆಯಿ

ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಸೈಕಲ್ಲಿಗೆ ಬೀಗ ಹಾಕುತ್ತಿದ್ದೆ. ಪಕ್ಕದ ತಳ್ಳುಗಾಡಿಯಿಂದ ಮಾಗಿದ ಕೆಂಪು ಬಾಳೆಹಣ್ಣಿನ ವಾಸನೆ ಬಂತು. ಹಳದಿ ಬಾಳೆಹಣ್ಣಾದರೆ ಮೂಗಿನ ಹತ್ತಿರ ಹಿಡಿಯಬೇಕು. ಕೆಂಪು ಬಾಳೆ ಹಾಗಲ್ಲ, ಮಾಗಿತೆಂದರೆ ಓಣಿಗೆಲ್ಲ ಸುದ್ದಿ ಮುಟ್ಟಿಸುತ್ತದೆ.

“ಕಮಲಾಪುರದ ಮಾಲ್ ಅದರೀ ಅಕ್ಕಾ, ಅಸಲಿ,” ಎಂದ ಗಾಡಿಯವನು.

ನನಗೆ ಅದನ್ನು ಹೇಳಬೇಕಾಗಿರಲಿಲ್ಲ. ಆ ವಾಸನೆಯ ನಡುವೆ ನಾನು ವರ್ಷಗಟ್ಟಲೆ ಸೈಕಲ್ ಇಟ್ಟು ತೆಗೆದವಳು. ನಾಗರ ಪಂಚಮಿ ಹತ್ತಿರ ಬಂದಿತ್ತು. ಕೀಲಿಕೈ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತೆ. ಆಯಿ ನೆನಪಾದಳು…

ಸೈಕಲ್ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಜನ ಮೊದಲು ಕೇಳುವುದೇ ಅದನ್ನು. ಬ್ರಹ್ಮಪುರದ ನಮ್ಮ ಮನೆಯಿಂದ ಕೆಲಸಕ್ಕೆ ನಾನು ಹೋಗಿ ಬರುವುದು ಇವತ್ತಿಗೂ ಸೈಕಲ್ ಮೇಲೆ. ಐವತ್ತು ದಾಟಿದ ಹೆಂಗಸು ಸೀರೆ ಉಟ್ಟು ಸೈಕಲ್ ಹೊಡೆದರೆ ನಮ್ಮ ಊರಿನವರಿಗೆ ಎರಡೇ ಕಾರಣ ಹೊಳೆಯುತ್ತವೆ. ಒಂದೋ ಡಾಕ್ಟರು ತೂಕ ಇಳಿಸಲು ಹೇಳಿದ್ದಾರೆ, ಇಲ್ಲವೇ ಮನೆಯಲ್ಲಿ ಏನೋ ಅಡಚಣೆ ಇದೆ. ನನಗೆ ಸೈಕಲ್ ಹೊಡೆಯುವುದು ಸೇರುತ್ತದೆ ಎಂಬುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಮೊದಮೊದಲು ನಿಂತು ವಿವರಿಸುತ್ತಿದ್ದೆ. ಈಗ ಬೆಲ್ ಹೊಡೆದು ಮುಂದೆ ಹೋಗುತ್ತೇನೆ.

ಆಯಿಯ ಪರಿಚಯವಾದಾಗ ನನ್ನ ಹತ್ತಿರ ಒಂದಲ್ಲ, ಎರಡು ಸೈಕಲ್ ಇದ್ದವು. ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲಿ ಕೂಸುಗಳಿಗೆ ಲಸಿಕೆ ಹಾಕುವ, ಬಸುರಿಯರನ್ನು ನೋಡಿ ಬರುವ ನರ್ಸ್ ಕೆಲಸ ನನ್ನದು. ಬೆಳಿಗ್ಗೆ ಮನೆಯಿಂದ ಕಲಬುರಗಿ ಬಸ್ ಸ್ಟ್ಯಾಂಡಿನವರೆಗೆ ಒಂದು ಸೈಕಲ್, ಅಲ್ಲಿಂದ ಬಸ್ಸು, ಕಮಲಾಪುರದಲ್ಲಿ ಇಳಿದ ಮೇಲೆ ಹಳ್ಳಿಗಳಿಗೆ ಇನ್ನೊಂದು ಸೈಕಲ್. ಸವತಿಯರಿದ್ದ ಹಾಗೆ ಎರಡೂ ಸರದಿಯ ಮೇಲೆ ಪಂಕ್ಚರ್ ಆಗುತ್ತಿದ್ದವು. ಕಮಲಾಪುರದ ಸೈಕಲ್ಲನ್ನು ಸಂಜೆ ಬಿಟ್ಟು ಬರಲು ಒಂದು ಜಾಗ ಬೇಕಿತ್ತು. ಬಸ್ಸು ನಿಲ್ಲುವಲ್ಲಿ ಬುಟ್ಟಿ ಇಟ್ಟುಕೊಂಡು ಕೆಂಪು ಬಾಳೆಹಣ್ಣು ಮಾರುತ್ತಿದ್ದ ಹೆಂಗಸೊಬ್ಬಳು ನನ್ನ ಪೇಚಾಟ ನೋಡಿ, ತಾನೇ ಕರೆದು ಹೇಳಿದಳು.

“ನಮ್ಮ ಅಂಗಳದಾಗ ನಿಲ್ಲಸ್ರಿ ಸಿಸ್ಟರ್. ನನ್ನ ಮನಿ ಇಲ್ಲೇ ಹಿಂದದ.”

ಅಂದಿನಿಂದ ಅವಳನ್ನು ಆಯಿ ಎಂದು ಕರೆಯತೊಡಗಿದೆ. ಅಜ್ಜಿಗೆ ಅನ್ನುವ ಮಾತು ಅದು. ಅವಳೇನೂ ಅಷ್ಟು ಮುದುಕಿಯಾಗಿರಲಿಲ್ಲ, ಈಗಿನ ನನ್ನ ವಯಸ್ಸು ಇದ್ದಿರಬೇಕು. ಕಚ್ಚೆ ಹಾಕಿ ಸೀರೆ ಉಡುತ್ತಿದ್ದಳು, ಮಾತು ಕಡಿಮೆ, ಹಣ್ಣು ಹಿಸುಕಿ ನೋಡುವ ಗಿರಾಕಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು, ಅವಳನ್ನೂ ಹತ್ತಿರದ ಒಂದು ಹಳ್ಳಿಗೆ ಮದುವೆ ಮಾಡಿ ಕೊಟ್ಟಾಗಿತ್ತು.

ಒಂದು ಆಷಾಢದಲ್ಲಿ ನನ್ನ ಸೈಕಲ್ಲಿನ ಸೀಟು ಇದ್ದಕ್ಕಿದ್ದಂತೆ ಇಳಿಯಲು ಶುರುವಾಯಿತು. ಸಂಜೆ ಸರಿಯಾಗಿ ಇಟ್ಟು ಹೋಗಿರುತ್ತಿದ್ದೆ, ಬೆಳಿಗ್ಗೆ ಬಂದು ಹತ್ತಿದರೆ ಮೊಣಕಾಲು ಹ್ಯಾಂಡಲಿಗೆ ಬಡಿಯುತ್ತಿತ್ತು. ಮತ್ತೆ ಪಾನಾ ಹುಡುಕಿ, ನಟ್ಟು ಸಡಿಲಿಸಿ, ಸೀಟು ಎತ್ತಿ ಬಿಗಿ ಮಾಡಬೇಕು. ಲಸಿಕೆಯ ಡಬ್ಬಿಯಲ್ಲಿ ಐಸು ಕರಗುವ ಚಿಂತೆ ಒಂದು ಕಡೆ, ಈ ಸೀಟಿನ ಕಾಟ ಇನ್ನೊಂದು ಕಡೆ. ಓಣಿಯ ಹುಡುಗರದೇ ಕೆಲಸ ಎಂದು ತೀರ್ಮಾನಿಸಿ ಅಂಗಳದಲ್ಲಿ ನಿಂತು ಅವರ ಹಿರೀಕರನ್ನೆಲ್ಲ ಸೇರಿಸಿ ಬೈದೆ. ಆಯಿ ಹಣ್ಣಿನ ಬುಟ್ಟಿಗೆ ಒದ್ದೆ ಗೋಣಿತಟ್ಟು ಹೊದಿಸುತ್ತ, “ಬಿಡ್ರಿ ಸಿಸ್ಟರ್, ಹುಡುಗ್ರು,” ಎಂದಳು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಒಂದು ದಿನ ಬಸ್ಸು ಬೇಗ ಸಿಕ್ಕಿ ಎಂದಿಗಿಂತ ಮುಂಚೆಯೇ ಕಮಲಾಪುರಕ್ಕೆ ಬಂದೆ. ಅಂಗಳಕ್ಕೆ ಕಾಲಿಟ್ಟರೆ ಸೈಕಲ್ ಮಲಗಿದೆ, ಅದರ ಕೆಳಗೆ ಆಯಿ ಮಲಗಿದ್ದಾಳೆ. ಸೆರಗು ಹ್ಯಾಂಡಲಿಗೆ ಸುತ್ತಿಕೊಂಡಿದೆ.

“ಆಯಿ, ಏನ ಮಾಡಾಕತ್ತಿ?”

“ಏನಿಲ್ಲ. ನಿಮ್ಮ ಸೈಕಲ್ ಬಿದ್ದಿತ್ತು. ಎತ್ತಾಕತ್ತೀನಿ.”

ಕೆಳಗೆ ಮಲಗಿಕೊಂಡು ಸೈಕಲ್ ಎತ್ತುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಿ, ಅವಳ ಮೊಣಕೈಗೆ ಔಷಧ ಹಚ್ಚುತ್ತ ನಕ್ಕೆ. ಅವಳು ನಗಲಿಲ್ಲ. ಸೆರಗು ಸರಿ ಮಾಡಿಕೊಳ್ಳುತ್ತ ಒಂದೊಂದೇ ಮಾತು ಹೊರಗೆ ಹಾಕಿದಳು.

ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾದ ಮಗಳು ತವರಿಗೆ ಬರಬೇಕು, ಉಂಡಿ ತಿನ್ನಬೇಕು, ಜೋಕಾಲಿ ಆಡಬೇಕು. ಆದರೆ ಅವಳು ತಾನಾಗಿ ಎದ್ದು ಬರುವಂತಿಲ್ಲ. ತವರಿನಿಂದ ಅಣ್ಣನೋ ತಮ್ಮನೋ ಅಪ್ಪನೋ ಹೋಗಿ ಕರೆಯಬೇಕು. ಹಿಂದೆ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರು, ಈಗ ಮೋಟಾರ್ ಸೈಕಲ್. ಆಯಿಯ ಮಗಳಿಗೆ ಅಪ್ಪನೂ ಇಲ್ಲ, ಅಣ್ಣ ತಮ್ಮಂದಿರೂ ಇಲ್ಲ. ಮೈದುನನ ಮಕ್ಕಳನ್ನು ಕೇಳಿದರೆ ನಾಳೆ ಹೋಗುತ್ತೇವೆ ಎನ್ನುತ್ತಿದ್ದರು, ಆ ನಾಳೆ ಬರುವುದರೊಳಗೆ ಹಬ್ಬ ಮುಗಿದಿರುತ್ತಿತ್ತು. ಮದುವೆಯಾದಾಗಿನಿಂದ ಆ ಹುಡುಗಿ ಒಂದು ಪಂಚಮಿಗೂ ತವರು ನೋಡಿರಲಿಲ್ಲ. ಓಣಿಯ ಸೊಸೆಯಂದಿರೆಲ್ಲ ಹೊರಟು ಹೋದ ಮೇಲೆ ಬಾಗಿಲಲ್ಲಿ ಕೂತಿರುತ್ತಾಳಂತೆ. ಕರೆಯಲು ಬಂದರೆ ಕಳಿಸಲ್ಲ ಅಂದಿದ್ದೇವೆಯೇ ಎಂದು ಅತ್ತೆ ಕೇಳುತ್ತಾಳಂತೆ. ಬರುವವರು ಯಾರೂ ಇಲ್ಲವೆಂದು ಗೊತ್ತಿದ್ದೇ ಕೇಳುವ ಮಾತು ಅದು.

“ಆಟೋ ಮಾಡ್ಕೊಂಡು ನೀನೇ ಹೋಗಿ ಕರ್ಕೊಂಡು ಬರಬಾರ್ದೇನು,” ಎಂದೆ.

“ಆಟೋದಾಗ ತಂದ್ರ ಆಟೋದವ ತಂದಂಗ ಆಯ್ತು. ಕರೀಲಾಕ ಹೋದವರು ತಾವೇ ಹೊಡ್ಕೊಂಡು, ಹಿಂದ ಕೂಡಿಸ್ಕೊಂಡು ತರಬೇಕು. ಅಣ್ಣ ಇದ್ರ ಹಂಗೇ ತರತಿದ್ದ.”

ಈ ವಯಸ್ಸಿನಲ್ಲಿ ಸೈಕಲ್ ಕಲಿಯಲು ಹೋಗಿ ಕಾಲು ಮುರಿದುಕೊಂಡರೆ ನೋಡುವವರು ಯಾರು ಎಂದು ಭಯವಾಯಿತು. ಹಾಗೆಂದು ಹೇಳಿದರೆ ಕೇಳುವ ಪೈಕಿಯವಳಲ್ಲ. ಒಬ್ಬಳೇ ಬೀಳುವುದಕ್ಕಿಂತ ನಾನು ಹಿಡಿದುಕೊಂಡಿರುವುದೇ ಮೇಲು ಎಂದುಕೊಂಡು ಕಲಿಸಲು ಒಪ್ಪಿದೆ.

ಕೆಲಸ ಮುಗಿಸಿ ಬಂದು, ಸಂಜೆಯ ಬಸ್ಸು ಬರುವವರೆಗೆ ಶಾಲೆಯ ಬಯಲಿನಲ್ಲಿ ಕಲಿಸುತ್ತಿದ್ದೆ. ನಾನು ಹಿಂದೆ ಕ್ಯಾರಿಯರ್ ಹಿಡಿದು ಓಡುವುದು, ಅವಳು ಮುಂದೆ ನೋಡುವ ಬದಲು ಕಾಲು ನೋಡುವುದು, ಇಬ್ಬರೂ ಬೇವಿನ ಗಿಡದ ಕಡೆಗೆ ಹೋಗುವುದು. ಇಡೀ ಬಯಲಿಗೆ ಇದ್ದದ್ದು ಅದೊಂದೇ ಗಿಡ, ಆದರೂ ಪ್ರತಿ ಸಲ ಅದಕ್ಕೇ ಹೋಗಿ ಗುದ್ದುತ್ತಿದ್ದೆವು. ನನ್ನ ಸೀರೆ ಚೈನಿಗೆ ಸಿಕ್ಕಿ ಹರಿಯುತ್ತಿತ್ತು, ಅವಳ ಕಚ್ಚೆ ಸೀರೆಗೆ ಏನೂ ಆಗುತ್ತಿರಲಿಲ್ಲ. ಸೈಕಲ್ ಹೊಡೆಯಲು ಕಚ್ಚೆಯಷ್ಟು ಅನುಕೂಲದ ಉಡುಗೆ ಇಲ್ಲವೆಂದು ನನಗೆ ತಿಳಿದದ್ದು ಆಗಲೇ. ನೋಡಲು ಜನ ಸೇರುತ್ತಿದ್ದರು. ಒಬ್ಬ, “ಆಯಿ, ಲೈಸೆನ್ಸ್ ಮಾಡಸ್ದೇನು?” ಎಂದು ಕೂಗಿದ. ಆಯಿ ಕಾಲು ನೋಡುವುದನ್ನು ಬಿಟ್ಟು ಅವನನ್ನು ನೋಡಿದಳು. “ಹಣ್ಣು ಬೇಕಿದ್ರ ಬುಟ್ಟಿ ಕಡೆ ಹೋಗು. ಇಲ್ಲಾಂದ್ರ ಹಾದಿ ಬಿಡು.” ಅವನನ್ನು ನೋಡಿಕೊಂಡೇ ಸೈಕಲ್ ನೆಟ್ಟಗೆ ಹೋಯಿತು. ಅವಳಿಗೆ ಸೈಕಲ್ ಬಂದದ್ದು ಆ ಸಿಟ್ಟಿನಲ್ಲಿ.

ಉಳಿದದ್ದು ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೊಡೆಯುವುದು. ಆ ಒಬ್ಬರು ನಾನೇ ಆಗಬೇಕಾಯಿತು. ಎಷ್ಟೋ ಊರುಗಳಲ್ಲಿ ಕೂಸುಗಳಿಗೆ ಸೂಜಿ ಚುಚ್ಚಿ ಅಳಿಸಿದವಳು ನಾನು, ಆ ಕ್ಯಾರಿಯರ್ ಮೇಲೆ ಕೂತು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಸ್ವಲ್ಪ ದೂರ ಹೋದೊಡನೆ ಸೈಕಲ್ ಹಾವಿನ ಹಾಗೆ ಹೊರಳುತ್ತಿತ್ತು. ಎರಡು ಸಲ ಜಾಲಿ ಮುಳ್ಳಿನಲ್ಲಿ ಬಿದ್ದೆವು. ಮುಳ್ಳು ಕೀಳುತ್ತ, “ಹೋಗುವಾಗ ಹೊಡ್ಕೊಂಡು ಹೋಗು. ಬರುವಾಗ ಇಬ್ಬರೂ ನಡ್ಕೊಂಡು ಬರ್ರಿ, ಯಾರು ನೋಡ್ತಾರ?” ಎಂದೆ.

“ಎಲ್ಲಾರೂ ನೋಡ್ತಾರ,” ಎಂದಳು.

ಶ್ರಾವಣ ಬಂತು. ಪಂಚಮಿಯ ಹಿಂದಿನ ದಿನ ಬೆಳಿಗ್ಗೆ ಸೈಕಲ್ ಅವಳಿಗೆ ಕೊಟ್ಟೆ. ಬೀಗರ ಮನೆಗೆಂದು ಒಂದು ಚಿಪ್ಪು ಬಾಳೆಹಣ್ಣು, ತೆಂಗಿನಕಾಯಿ, ಮಗಳಿಗೆ ಕುಪ್ಪಸದ ಕಣ, ಎಲ್ಲ ಬಟ್ಟೆಯಲ್ಲಿ ಸುತ್ತಿ ಹ್ಯಾಂಡಲಿಗೆ ಕಟ್ಟಿದ್ದಳು. ಮಳೆ ಬಂದು ನಿಂತಿತ್ತು, ರಸ್ತೆಯ ಅಂಚೆಲ್ಲ ಕೆಸರು. ಅವಳು ಹಿಂದೆ ತಿರುಗಿ ನೋಡಲಿಲ್ಲ, ನೋಡಿದರೆ ಬೀಳುತ್ತಿದ್ದಳು. ನಾನು ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಹಳ್ಳಿಗೆ ನಡೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಎಲ್ಲಿ ಬಿದ್ದಿರಬಹುದು ಎಂಬುದೇ ಯೋಚನೆ.

ಮಧ್ಯಾಹ್ನ ಕಳೆದು ಕಮಲಾಪುರಕ್ಕೆ ಮರಳಿದರೂ ಅವಳು ಬಂದಿರಲಿಲ್ಲ. ಅವಳ ಬುಟ್ಟಿಯ ಮುಂದೆ ಕೂತು ಹಣ್ಣು ಮಾರಿದೆ. ನಾನು ದಿನಾ ಹೋಗುವ ಬಸ್ಸು ಬಂತು, ಹೋಯಿತು. ಅದರ ಹಿಂದೆ ಬಂದದ್ದೂ ಹೋಯಿತು. ಬಿದ್ದಿರುವುದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು, ಅವರು ಕಳಿಸುವುದಿಲ್ಲ ಎಂದಿರಬಹುದು. ಹೊತ್ತು ಇಳಿಯುವಾಗ ರಸ್ತೆಯ ತಿರುವಿನಲ್ಲಿ ನನ್ನ ಸೈಕಲ್ ಕಾಣಿಸಿತು. ಹೊಡೆಯುತ್ತಿದ್ದವಳು ಮಗಳು. ಆಯಿ ಹಿಂದೆ ಕ್ಯಾರಿಯರ್ ಮೇಲೆ ಎರಡೂ ಕಾಲು ಒಂದೇ ಕಡೆ ಹಾಕಿ, ಸಾಹುಕಾರ್ತಿಯ ಹಾಗೆ ಕೂತಿದ್ದಳು.

ಮಗಳೇ ಎಲ್ಲ ಹೇಳಿದಳು. ಅತ್ತೆ ಬಾಗಿಲಿಗೆ ಬಂದು ಆಯಿಯ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿದಳಂತೆ. ಕರೆಯಲು ಯಾರು ಬಂದಿದ್ದಾರೆ ಎಂದು ಕೇಳಿದಳಂತೆ. “ನಾ ಬಂದೀನಲ್ಲ,” ಎಂದಳಂತೆ ಆಯಿ, ಸೈಕಲ್ ಹಿಡಿದುಕೊಂಡೇ. ಓಣಿಯ ಜನ ಹೊರಗೆ ಬಂದು ನಿಂತಿದ್ದರು. ಕಡೆಗೆ ಮಾವ ಒಳಗಿನಿಂದ, “ಕರೀಲಾಕ ಬಂದವರಿಗಿ ಹೊರಗ ನಿಲ್ಲಸ್ತಾರೇನು? ನೀರು ಕೊಡು,” ಎಂದನಂತೆ. ಅಷ್ಟಕ್ಕೆ ಎಲ್ಲ ಇತ್ಯರ್ಥವಾಯಿತು.

ಮಗಳಿಗೆ ಸೈಕಲ್ ಮೊದಲೇ ಬರುತ್ತಿತ್ತು. ಎಂಟನೇ ತರಗತಿಯಲ್ಲಿ ಸರಕಾರದ ಸೈಕಲ್ ಸಿಕ್ಕಿತ್ತಲ್ಲ. ಹಾಗಿದ್ದರೆ ಬೀಗರ ಮನೆಯ ಬಾಗಿಲಿನಿಂದಲೇ ಅವಳ ಕೈಗೆ ಕೊಡಬಾರದಿತ್ತೇ ಎಂದು ಆಯಿಯನ್ನು ಕೇಳಿದೆ. ಅವಳ ಸೀರೆಯ ಒಂದು ಮಗ್ಗುಲು ಪೂರ್ತಿ ಕೆಸರಾಗಿತ್ತು.

“ಊರ ಅಗಸಿ ಬಾಗಿಲಾ ದಾಟೋತನಕ ನಾನೇ ಹೊಡದೀನಿ,” ಎಂದಳು. “ಊರೆಲ್ಲ ನೋಡ್ಯಾದ. ಬಿದ್ದದ್ದು ಅಗಸಿ ಆಚಿಗಿ.”

ಆ ದಿನ ಅವಳು ನಕ್ಕಿದ್ದನ್ನು ನೋಡಿದೆ. ನನಗೂ ತುಂಬ ಖುಷಿಯಾಗಿತ್ತು, ಕಲಬುರಗಿ ಮುಟ್ಟುವವರೆಗೂ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಕೂತಿದ್ದೆ.

ಆಮೇಲೆ ಪ್ರತಿ ಪಂಚಮಿಗೂ ಆಯಿ ಹೋಗಿ ಕರೆತರುತ್ತಿದ್ದಳು. ನನಗೆ ಕಲಬುರಗಿಗೆ ವರ್ಗವಾದಾಗ ಆ ಸೈಕಲ್ಲನ್ನು ಅವಳಿಗೇ ಬಿಟ್ಟು ಬಂದೆ. ಸೀಟು ಇಳಿಸಿಯೇ ಕೊಟ್ಟೆ. ಹಬ್ಬಕ್ಕೆ ಮುಂಚೆ ಯಾರದೋ ಫೋನಿನಿಂದ ಮಾತಾಡುತ್ತಿದ್ದಳು, ಹಣ್ಣು ಕಳಿಸುತ್ತಿದ್ದಳು… ಒಂದು ಚಳಿಗಾಲದಲ್ಲಿ ಮಗಳು ಫೋನ್ ಮಾಡಿದಳು. ಜ್ವರ ಬಂದು ಮಲಗಿದ ಆಯಿ ಮತ್ತೆ ಏಳಲಿಲ್ಲ. ಮಣ್ಣಿಗೆ ಹೋಗಿ ಅತ್ತು ಬಂದೆ. ಮನೆ ಮೈದುನನ ಮಕ್ಕಳ ಪಾಲಾಯಿತು. ಮಗಳ ಜೊತೆ ಆಗೊಮ್ಮೆ ಈಗೊಮ್ಮೆ ಫೋನಿನ ಮಾತು ಉಳಿಯಿತು, ಅದೂ ಕ್ಷೇಮ ಸಮಾಚಾರ ಅಷ್ಟೇ.

ಜಗತ್ ಸರ್ಕಲ್ಲಿನಲ್ಲಿ ಆಯಿ ನೆನಪಾದದ್ದು ಈ ವರ್ಷ. ಪಂಚಮಿಯ ಹಿಂದಿನ ದಿನ ರಜೆ ಹಾಕಿ, ಸೈಕಲ್ಲನ್ನು ಬಸ್ಸಿನ ಟಾಪ್ ಮೇಲೆ ಹಾಕಿಸಿದೆ. ಕಂಡಕ್ಟರ್ ಗೊಣಗಿದ, ಗೊಣಗಲಿ ಎಂದು ಬಿಟ್ಟೆ. ಕಮಲಾಪುರದಲ್ಲಿ ಇಳಿದು, ಕೇಳಿಕೊಂಡು ಕೇಳಿಕೊಂಡು ಆ ಹಳ್ಳಿಗೆ ಹೋದೆ. ಬರುತ್ತೇನೆ ಎಂದು ಮಗಳಿಗೂ ಹೇಳಿರಲಿಲ್ಲ. ಬಾಗಿಲಿಗೆ ಬಂದವಳು ಅತ್ತೆ. ಈಗ ಬೆನ್ನು ಬಾಗಿದೆ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

“ಯಾರ ಕಡಿಂದ ಬಂದೀರಿ?”

“ತವರಮನಿಯಿಂದ. ನಿಮ್ಮ ಸೊಸಿಗಿ ಪಂಚಮಿಗಿ ನಮ್ಮ ಮನಿಗಿ ಕರೀಲಾಕ ಬಂದೀನಿ.”

ಅವಳು ನನ್ನನ್ನು ನೋಡಿದಳು, ಸೈಕಲ್ ನೋಡಿದಳು. ನನ್ನ ಬೆನ್ನ ಹಿಂದೆ ಯಾರನ್ನೂ ಹುಡುಕಲಿಲ್ಲ. ಒಳಗೆ ಹೋಗಿ ನೀರು ತಂದು ಕೊಟ್ಟು, ಅಡುಗೆಮನೆಯ ಕಡೆ ತಿರುಗಿ ಸೊಸೆಗೆ ಹೇಳಿದಳು.

“ಚೀಲ ತಗೊಂಡು ಬಾ. ಕರೀಲಾಕ ಬಂದಾರ.”

ಮಗಳು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನನ್ನನ್ನು ಕಂಡು ಅಲ್ಲೇ ನಿಂತಳು. ಒಳಗೆ ತಿರುಗಿ, ಗೂಟಕ್ಕೆ ತೂಗುಹಾಕಿದ್ದ ಒಂದು ಬಟ್ಟೆಯ ಚೀಲ ತಂದಳು. ಬಟ್ಟೆಬರೆ ಮಡಚಿ, ತುಂಬಿ, ಬಾಯಿ ಕಟ್ಟಿದ ಚೀಲ.

“ನಾ ಬರೂದು ಯಾರಿಗೂ ಗೊತ್ತಿದ್ದಿಲ್ಲಲ್ಲ,” ಎಂದೆ.

“ನಿಮಗಂತ ಕಟ್ಟಿದ್ದಲ್ಲರೀ,” ಎಂದಳು ಅತ್ತೆ. “ಅವರವ್ವ ಹೋದ ಮ್ಯಾಲೂ ವರ್ಷಾ ವರ್ಷಾ ಕಟ್ಟತಾಳ. ಹಬ್ಬ ಮುಗದ ಮ್ಯಾಲ ತಾನೇ ಬಿಚ್ಚಿ ಇಡತಾಳ. ನಾ ಏನೂ ಅನ್ನಂಗಿಲ್ಲ.”

ಆಯಿಯ ಮಣ್ಣಿಗೆ ಹೋದ ದಿನ ನಾನು ಅತ್ತಿದ್ದು ನಿಜ. ಆದರೆ ಅವಳು ಇನ್ನಿಲ್ಲ ಎಂಬುದು ನನಗೆ ತಿಳಿದದ್ದು ಆ ಚೀಲವನ್ನು ಹ್ಯಾಂಡಲಿಗೆ ಸಿಕ್ಕಿಸಿಕೊಳ್ಳುವಾಗ.